ಮುರಿಯದ ಬಾಗಿಲು

ಬಾಗಿಲು ಭಾರವಿತ್ತು. ನಾಲ್ವರು ಹೆಂಗಸರು ಅದನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರು. ಬಿಸಿಲಿಗೆ ಕಾದ ಕಬ್ಬಿಣ ಸಿಂಬೆಯನ್ನೂ ದಾಟಿ ನೆತ್ತಿ ಸುಡುತ್ತಿತ್ತು. ಗಿಸ್ಮಾ ಹಿಂದಿನ ಬಲಮೂಲೆಗಿದ್ದಳು. ಅವಳು ಬಾಗಿಲನ್ನು ನೋಡಿರಲಿಲ್ಲ. ಹೊರುವ ಸಾಮಾನನ್ನು ನೋಡಬಾರದು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದಳು. ನೋಡಿದರೆ ಹೊರಲಾಗುವುದಿಲ್ಲ. ಹೊರದಿದ್ದರೆ ಒಲೆ ಹೊತ್ತುವುದಿಲ್ಲ.

ಚಾಡ್ ದೇಶದ ಅದ್ರೇ ಸಂತೆಯಲ್ಲಿ ವ್ಯಾಪಾರಿ ಸಾನೂಸಿಯ ಅಂಗಳಕ್ಕೆ ಲಾರಿಗಳು ಬರುತ್ತಿದ್ದವು. ಗಡಿಯ ಆಚೆಯಿಂದ, ಸುಡಾನಿನ ಜಿನೇನಾದ ಕಡೆಯಿಂದ. ಲಾರಿಯ ತುಂಬ ಹಗ್ಗದ ಮಂಚ, ತಗಡಿನ ಶೀಟು, ಕಿಟಕಿ, ಹೊಲಿಗೆ ಮಿಶನ್ನು, ಮಕ್ಕಳ ಸೈಕಲ್ಲು. ಇಳಿಸುವವರು ಜಿನೇನಾದಿಂದ ಓಡಿ ಬಂದ ಹೆಂಗಸರೇ. ತಮ್ಮ ಊರನ್ನು ಅವರು ತುಂಡು ತುಂಡಾಗಿ ತಲೆಯ ಮೇಲೆ ಹೊತ್ತು ಇಳಿಸುತ್ತಿದ್ದರು. ಒಮ್ಮೆ ಅವರಲ್ಲೊಬ್ಬಳಾದ ಕಲ್ತೂಮಾ ಒಂದು ಮರದ ಒರಳು ಎತ್ತಿಕೊಂಡವಳು ಅದರ ಬಾಯಿಯ ಸೀಳನ್ನು ಹೆಬ್ಬೆರಳಿನಿಂದ ಸವರಿ, "ಇದರ ಬಾಯಿ ಥೇಟ್ ನಮ್ಮತ್ತೆ ಬಾಯಿ" ಎಂದು ನಕ್ಕಿದ್ದಳು. ಅವಳ ಅತ್ತೆ ದಾರಿಯಲ್ಲೇ ಸತ್ತಿದ್ದಳು. ಒರಳನ್ನು ಹೊತ್ತು ಒಯ್ದು ಸಾಲಿನಲ್ಲಿಟ್ಟು ಬಂದಿದ್ದಳು. ಅಷ್ಟೇ.

ರಾಜಧಾನಿ ಖಾರ್ತೂಮಿನಲ್ಲಿ ಇಬ್ಬರು ಜನರಲ್‌ಗಳು ಕುರ್ಚಿಗೆ ಕಿತ್ತಾಡಿದರು. ಜಿನೇನಾದಲ್ಲಿ ಮಸಾಲೀತ್ ಕುಲದವರು ಸತ್ತರು. ಒಬ್ಬ ಜನರಲ್‌ನ ಬಂದೂಕಿನವರೂ ಅವರಿಗೆ ಜೊತೆಯಾದ ಜಂಜವೀದ್ ಎಂಬ ಅರಬ್ ಸವಾರರೂ ಓಣಿ ಓಣಿ ಹೊಕ್ಕು ಕುಲ ಕೇಳಿದರು. ಮಸಾಲೀತ್ ಎಂದರೆ ಗುಂಡು. ಅನ್ನದಿದ್ದರೂ ಮೈಬಣ್ಣ ನೋಡಿ ಗುಂಡು. "ಗುಲಾಮರೇ, ಈ ಮಣ್ಣು ಇನ್ನು ನಿಮ್ಮದಲ್ಲ, ಚಾಡ್‌ಗೆ ನಡೀರಿ" ಎಂದರು. ನಡೆದವರನ್ನೂ ದಾರಿಯಲ್ಲಿ ಕೊಂದರು. ಉಳಿದವರು ಅದ್ರೇಯ ಬಯಲಿನಲ್ಲಿ ಹುಲ್ಲು, ಕಡ್ಡಿ, ಪ್ಲಾಸ್ಟಿಕ್ ಹಾಳೆಯ ಗುಡಿಸಲು ಕಟ್ಟಿಕೊಂಡು ಕೂತರು. ಒಂದು ಮಳೆಗಾಲ ಅವರ ಮೇಲೆ ಸುರಿದು ಹೋಗಿತ್ತು.

ಗಿಸ್ಮಾಳ ಗುಡಿಸಲಿನಲ್ಲಿ ಮೂವರು. ಅವಳು, ಮಗಳು ನದೀಫಾ, ಅತ್ತೆ ಮಸ್ತೂರಾ. ಗಿಸ್ಮಾ ಅತ್ತಿರಲಿಲ್ಲ. ಒಲೆಯ ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಳು ಬರುತ್ತಿರಲಿಲ್ಲ. ತಗಡು ಕಾಲು ಕೊಯ್ದರೆ, ರಕ್ತ ಬರ್ತಿದೆ ಎಂದು ಬೇರೆಯವರು ಹೇಳಿದ ಮೇಲೆ ಬಗ್ಗಿ ನೋಡಿಕೊಳ್ಳುತ್ತಿದ್ದಳು. ಉಣ್ಣುವಾಗ ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಗಳ ತಲೆ ಬಾಚುತ್ತಿದ್ದಳು. ನೀರಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ಕೈಕಾಲು ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದವು.

ಮಸ್ತೂರಾ ಮಾತ್ರ ಮಗನಿಗೆ ಕಾಯುತ್ತಿದ್ದಳು. ಬೆಳಗಾದರೆ ಗಡಿಯ ರಸ್ತೆಗೆ ಹೋಗಿ ಹೊಸದಾಗಿ ಬಂದವರನ್ನು ತಡೆದು ಕೇಳುತ್ತಿದ್ದಳು: "ಅರ್ಬಾಬ್ ಅಂತ, ಕಬ್ಬಿಣದ ಬಾಗಿಲು ಮಾಡೋನು, ಎತ್ತರದ ಆಳು. ಕಂಡ್ರೇನಪ್ಪಾ?" ಕಾಯುವಂತೆ ಮಾಡಿದವಳು ಗಿಸ್ಮಾಳೇ. ಓಡಿ ಬರುವ ದಿನ, ಬೇರೆ ಓಣಿಗೆ ಹೋಗಿದ್ದು ದಾರಿಯಲ್ಲಿ ಸಿಕ್ಕ ಮುದುಕಿ, ಮಗನಿಲ್ಲದೆ ಒಂದು ಹೆಜ್ಜೆ ಇಡುವುದಿಲ್ಲ ಎಂದು ದಾರಿ ಮಧ್ಯೆ ಕೂತುಬಿಟ್ಟಿದ್ದಳು. ಹಿಂದೆ ಗುಂಡಿನ ಸದ್ದು. "ಅವರು ಮುಂದೆ ಹೋಗವ್ರೆ ಅತ್ತೆ, ಲಿಬಿಯಾ ಕಡೆ ಹೋಗವ್ರೆ, ಏಳಿ" ಎಂದು ಗಿಸ್ಮಾ ಹೇಳಿದಳು. ಮುದುಕಿ ಎದ್ದು ನಡೆದಳು. ನಡೆಸುವುದಕ್ಕೆ ಹೇಳಿದ ಮಾತನ್ನು ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

"ನಿಧಾನ! ಬಣ್ಣ ಹಸಿ ಐತೆ!" ಅಂಗಳದ ಮೇಸ್ತ್ರಿ ಬರ್ಕಾ ಕೂಗಿದ. "ಗೋಡೆಗೆ ಒರಗಿಸ್ರೀ. ಗೀರು ಬಿದ್ರೆ ಕೂಲಿ ಹಿಡೀತೀನಿ."

ಬಣ್ಣ ಬಳಿಯುವ ಚಪ್ಪರದಿಂದ ಹೊತ್ತು ತಂದ ಬಾಗಿಲನ್ನು ಹೆಂಗಸರು ಇಳಿಸಿ ನಿಲ್ಲಿಸಿದರು. ಗಿಸ್ಮಾಳ ಅಂಗೈಗೆ ಹಸಿರು ಬಣ್ಣ ಅಂಟಿತ್ತು. ಒರೆಸಿಕೊಳ್ಳಲು ತಿರುಗುವಾಗ ಅವಳ ಕಣ್ಣು ಬಾಗಿಲಿನ ಮೇಲ್ತುದಿಗೆ ಹೋಯಿತು. ಅಲ್ಲೊಂದು ಅರ್ಧಚಂದ್ರ. ಕಂಬಿ ಬಗ್ಗಿಸಿ ಬೆಸುಗೆ ಹಾಕಿದ್ದು. ಅದರ ಒಂದು ಕೊಂಬು ಉದ್ದ, ಇನ್ನೊಂದು ಗಿಡ್ಡ.

ಮನೆಗೆ ಬಾಗಿಲು ಮಾಡಿದ ದಿನ ಕಂಬಿ ಸಾಲದೆ ಬಂದಿತ್ತು. ಹೋಗಿ ಇನ್ನೊಂದು ತುಂಡು ತನ್ನಿ ಎಂದು ಗಿಸ್ಮಾ ಜಗಳ ತೆಗೆದಿದ್ದಳು. "ಚಂದ್ರ ಅಲ್ವೇನೆ, ತಾನೇ ಬೆಳೀತಾನೆ ಬಿಡು" ಎಂದು ಅರ್ಬಾಬ್ ನಕ್ಕಿದ್ದ. ಬಾಗಿಲಿಗೆ ಆಕಾಶದ ನೀಲಿ ಬಳಿದಿದ್ದ.

ಅವಳು ಹತ್ತಿರ ಹೋದಳು. ಎದೆಯ ಮಟ್ಟದಲ್ಲಿ ಕೈ ಆಡಿಸಿದಳು. ನುಣುಪಾದ ಹಸಿರಿನ ಕೆಳಗೆ ಗಂಟು ಗಂಟು ಸಿಕ್ಕಿದವು. ಪುಟ್ಟಿ ತುಂಬಿ ಉಜ್ಜಿ ಬಣ್ಣ ಬಳಿದಿದ್ದರು.

"ಬಾರೇ, ಮಂಚಗಳು ಅವೆ ಇನ್ನೂ" ಎಂದಳು ಕಲ್ತೂಮಾ.

"ಇದು ನಮ್ದು."

"ಎಲ್ಲಾ ನಮ್ದೇ ಕಣೆ. ಬಾ."

"ನಮ್ಮ ಮನೇದು, ಕಲ್ತೂಮಾ. ಅರ್ಬಾಬ್ ಮಾಡಿದ್ದು."

ಕಲ್ತೂಮಾ ಬಾಗಿಲನ್ನು ನೋಡಿದಳು. ಬರ್ಕಾನನ್ನು ನೋಡಿದಳು. ದನಿ ತಗ್ಗಿಸಿದಳು. "ಕೂಲಿ ಕೈಗೆ ಬರೋಗಂಟ ತೆಪ್ಪಗಿರು. ಆಮೇಲೆ ಇಬ್ರೂ ಕೂತು ಅಳಾಣ."

"ಅಳು ಬರ್ತಿಲ್ಲ."

ಗಿಸ್ಮಾ ನೆಲದಿಂದ ಒಂದು ತುಕ್ಕು ಹಿಡಿದ ಮೊಳೆ ಎತ್ತಿಕೊಂಡಳು. ಒಂದು ಗಂಟಿನ ಮೇಲೆ ಇಟ್ಟು ಕೆರೆದಳು. ಬಣ್ಣ ಎದ್ದಿತು. ಅದರ ಕೆಳಗೆ ಬಿಳಿ ಪುಟ್ಟಿ. ಅದೂ ಪುಡಿಪುಡಿಯಾಗಿ ಉದುರಿತು. ಮೊಳೆ ಆ ಕಡೆಗೆ ತೂರಿತು.

ಅವತ್ತು ಜಂಜವೀದರು ಓಣಿಯ ಬಾಗಿಲುಗಳನ್ನು ಒಂದೊಂದಾಗಿ ಒದ್ದು ಮುರಿಯುತ್ತಾ ಬಂದಿದ್ದರು. ಅರ್ಬಾಬ್ ಅಗುಳಿ ಹಾಕಿ, ಬೆನ್ನು ಕೊಟ್ಟು ನಿಂತ. "ನಾನು ಮಾಡಿದ ಬಾಗಿಲು. ಮುರಿಯಲ್ಲ" ಎಂದ. ಅವರು ಒದ್ದರು. ಬಂದೂಕಿನ ಹಿಡಿಯಿಂದ ಕುಟ್ಟಿದರು. ಬಾಗಿಲು ಮುರಿಯಲಿಲ್ಲ. ಆಮೇಲೆ ಅವರು ಗುಂಡು ಹಾರಿಸಿದರು. ತಗಡು ಒದೆ ತಡೆಯಿತು, ಗುಂಡು ತಡೆಯಲಿಲ್ಲ. ಅರ್ಬಾಬ್ ಬಾಗಿಲಿಗೆ ಒರಗಿದಂತೆಯೇ ಕುಸಿದು ಕೂತ. ಕೂತವನ ಭಾರಕ್ಕೆ ಬಾಗಿಲು ಇನ್ನಷ್ಟು ಬಿಗಿಯಾಯಿತು. "ಹೋಗು" ಎಂದ. ಬಾಯಿಂದ ರಕ್ತ ಬಂತು. ಮತ್ತೆ, "ಹೋಗು." ಗಿಸ್ಮಾ ಮಗಳನ್ನು ಹಿತ್ತಲ ಗೋಡೆಯ ಆಚೆಗೆ ಎಸೆದು ತಾನೂ ಹಾರಿದಳು. ಹಿಂದೆ ಅವರು ಇನ್ನೂ ಬಾಗಿಲು ದೂಡುತ್ತಿದ್ದರು.

ಎರಡನೇ ತೂತು ತೆರೆಯುವಷ್ಟರಲ್ಲಿ ಬರ್ಕಾ ಓಡಿ ಬಂದ.

"ಏಯ್! ತಲೆ ಕೆಟ್ಟಿದೆಯಾ? ಈಗ ತಾನೆ ಬಣ್ಣ ಹೊಡೆಸಿದೀನಿ!"

ಅವಳು ಕೆರೆಯುತ್ತಿದ್ದಳು. ಅವನು ಕೈಯಲ್ಲಿದ್ದ ಕೋಲಿನಿಂದ ಅವಳ ಬಲಗೈಗೆ ಹೊಡೆದ. ಮೊಳೆ ಬಿತ್ತು. ಅವಳು ಅದನ್ನು ಎಡಗೈಯಲ್ಲಿ ಎತ್ತಿಕೊಂಡಳು. ಅವನು ದೂಡಿದ. ಬಿದ್ದಳು. ಎದ್ದು ಬಂದು ಮೂರನೆಯದಕ್ಕೆ ಮೊಳೆ ಇಟ್ಟಳು. ಬರ್ಕಾನಿಗೆ ಭಯವಾಯಿತು. ಬಯ್ಯುವವಳನ್ನು ಬಯ್ಯಬಹುದು. ಅಳುವವಳನ್ನು ಗದರಬಹುದು. ಇವಳ ಮುಖದಲ್ಲಿ ಏನೂ ಇರಲಿಲ್ಲ.

ಹೆಂಗಸರು ತಲೆಯ ಮೇಲಿನ ಹೊರೆ ಇಳಿಸಿ ನಿಂತರು. ಸಂತೆಯ ಜನ ಬಂದರು. ಸಾನೂಸಿ ಬಂದ. ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ. ಕೈಯಲ್ಲಿ ಜಪಮಣಿ. ಅವನು ಯಾರ ಮೇಲೂ ದನಿ ಏರಿಸುವವನಲ್ಲ.

"ಏನಮ್ಮಾ ಇದು?"

"ಹಾಜಿ, ಇದು ನಮ್ಮ ಮನೆ ಬಾಗಿಲು."

"ಇರಬಹುದು. ನಾನು ದುಡ್ಡು ಕೊಟ್ಟು ತಗೊಂಡಿದೀನಿ."

"ಯಾರ ಹತ್ರ?"

"ಸಂತೇಲಿ ಯಾರಾದ್ರೂ ಹಾಗೆ ಕೇಳ್ತಾರೇನಮ್ಮಾ?"

"ನಾನು ಕೇಳ್ತಿದೀನಿ."

ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಪೊಲೀಸಿನವನು ಲೋಟ ಹಿಡಿದುಕೊಂಡೇ ಬಂದ. "ನಿನ್ನದೇ ಅನ್ನೋದಕ್ಕೆ ಏನಿದೆ?" ಎಂದ.

"ಬೆರಳು ಹಾಕಿ ನೋಡಿ" ಎಂದಳು ಗಿಸ್ಮಾ. "ನನ್ನ ಗಂಡ ಇದಕ್ಕೆ ಬೆನ್ನು ಕೊಟ್ಟು ನಿಂತಿದ್ದ."

ಅವನು ತೂತಿಗೆ ಬೆರಳು ಹಾಕಿದ. ತಕ್ಷಣ ತೆಗೆದು ಅಂಗಿಗೆ ಒರೆಸಿಕೊಂಡ. "ಇದು ಗಡಿ ಆಚೆ ನಡೆದದ್ದು. ಇಲ್ಲಿ ಕೇಸಾಗಲ್ಲ."

"ಬಾಗಿಲು ಈಚೆ ಬಂದೈತಲ್ಲ?"

"ಬಾಗಿಲು ಸಾಮಾನು. ಸಾಮಾನು ಬರುತ್ತೆ, ಹೋಗುತ್ತೆ."

"ನಾವು ಬರೋವಾಗ ದಾರಿ ಉದ್ದಕ್ಕೂ ತಡೆದು ತಡೆದು ಕೊಂದ್ರು" ಎಂದಳು ಕಲ್ತೂಮಾ ಹಿಂದಿನಿಂದ. "ಬಾಗಿಲನ್ನ ಒಬ್ಬರೂ ತಡೀಲಿಲ್ಲ. ನಾವೂ ಬಾಗಿಲಾಗೇ ಬರ್ಬೇಕಿತ್ತು ಬಿಡಿ."

ಯಾರೋ ನಕ್ಕರು. ನಗು ಅಲ್ಲೇ ಸತ್ತಿತು. ಪೊಲೀಸಿನವನು ಚಹಾದ ಅಂಗಡಿಗೆ ಹಿಂತಿರುಗಿದ.

ಸಾನೂಸಿ ಸುತ್ತ ನೆರೆದ ಜನರನ್ನು ಒಮ್ಮೆ ನೋಡಿದ. "ಅರ್ಧ ಬೆಲೆಗೆ ಕೊಡ್ತೀನಿ. ದುಡಿದು ತೀರಿಸು" ಎಂದ. ಗಿಸ್ಮಾ ಅಡ್ಡಡ್ಡ ತಲೆ ಆಡಿಸಿದಳು. ಜನ ಗುಸುಗುಸು ಎಂದರು. ಅವನು ಮಣಿಗಳನ್ನು ಎರಡು ಸಲ ಸರಿಸಿದ. "ಆಯ್ತು, ಹಾಗೇ ತಗೊಂಡು ಹೋಗು. ಅಲ್ಲಾಹನ ಹೆಸರಲ್ಲಿ ದಾನ ಕೊಟ್ಟೆ."

ಜನಕ್ಕೆ ಸಮಾಧಾನವಾಯಿತು. ದೊಡ್ಡ ಮನಸ್ಸು ಎಂದರು. "ತಗೊಳ್ಳೇ" ಎಂದು ಕಲ್ತೂಮಾ ತಿವಿದಳು.

"ಬೇಡ" ಎಂದಳು ಗಿಸ್ಮಾ.

"ಯಾಕಮ್ಮಾ?"

"ದಾನ ಮಾಡೋದು ತಮ್ಮ ಸ್ವಂತದ್ದನ್ನ, ಹಾಜಿ. ಇದು ನಿಮ್ಮದಲ್ಲ. ಕದ್ದಿದ್ದು ಅನ್ನಿ. ತಗೊಂಡು ಹೋಗ್ತೀನಿ."

"ನಾನು ಕಳ್ಳ ಅಂತೀಯಾ?"

"ನೀವು ಕಳ್ಳ ಅನ್ನಲಿಲ್ಲ. ಬಾಗಿಲು ಕದ್ದಿದ್ದು ಅನ್ನಿ. ಅಷ್ಟೇ ಸಾಕು."

ಮಣಿಗಳು ನಿಂತವು. ಸಾನೂಸಿಯ ಹಿಂದೆ ಅಂಗಳವಿತ್ತು. ಅಂಗಳದ ತುಂಬ ಮಂಚ, ಕಿಟಕಿ, ಒರಳು, ತಗಡು. ಒಂದು ಬಾಗಿಲು ಕದ್ದದ್ದಾದರೆ ಅಂಗಳವೆಲ್ಲ ಕದ್ದದ್ದೇ. ಅವನ ದನಿ ಮೊದಲ ಸಲ ಏರಿತು.

"ಆಚೆ ಎಸೀರಿ ಇವಳನ್ನ! ಬಾಗಿಲನ್ನೂ!"

ಗಂಡಾಳುಗಳು ಬಾಗಿಲನ್ನು ಎಳೆದು ರಸ್ತೆಗೆ ಎಸೆದರು. ಧೂಳೆದ್ದಿತು. ಅಂದಿನ ಕೂಲಿ ಹೋಯಿತು. ನಾಳೆಯಿಂದ ಬರಬೇಡ ಎಂದ ಬರ್ಕಾ. ಗಿಸ್ಮಾ ಬಾಗಿಲಿನ ಪಕ್ಕ ಕೂತಳು. ನಾಲ್ಕನೆಯ ತೂತು ಬಾಕಿ ಇತ್ತು. ಅದನ್ನೂ ಕೆರೆದಳು.

ಸುದ್ದಿ ಗುಡಿಸಲುಗಳ ಕಡೆಗೆ ಓಡಿತು. ಓಡುತ್ತಾ ಬದಲಾಯಿತು. ಅರ್ಬಾಬ್‌ನ ಬಾಗಿಲು ಬಂದಿದೆ ಎಂದು ಹೊರಟಿದ್ದು, ಮುದುಕಿಯ ಕಿವಿಗೆ ತಲುಪುವ ಹೊತ್ತಿಗೆ ಅರ್ಬಾಬ್ ಬಂದಿದ್ದಾನೆ ಎಂದಾಗಿತ್ತು.

ಮಸ್ತೂರಾ ಹಿಟ್ಟಿನ ಕೈಯಲ್ಲೇ ಬಂದಳು. ಅರ್ಧ ನಡಿಗೆ, ಅರ್ಧ ಓಟ. ತಲೆಯ ಸೆರಗು ಜಾರಿತ್ತು. ನೆರೆದ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಎಲ್ಲಿ? ಎಲ್ಲಿ ನನ್ನ ಮಗ?"

ಜನ ಎರಡಾಗಿ ಸರಿದರು. ಗಿಸ್ಮಾ ಕೂತಿದ್ದಳು, ಮೊಳೆ ಹಿಡಿದು.

"ಅತ್ತೆ" ಎಂದಳು. "ಅವರು ಲಿಬಿಯಾಕ್ಕೆ ಹೋಗಲಿಲ್ಲ."

ಮುದುಕಿ ನಿಂತಳು.

"ಈ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ರು. ಆಚೆಯಿಂದ ಹೊಡೆದ್ರು."

ಮಸ್ತೂರಾ ನೆಲಕ್ಕೆ ಕೂತಳು. ಹಿಟ್ಟು ಮೆತ್ತಿದ ಬೆರಳಿನಿಂದ ತೂತುಗಳನ್ನು ಮುಟ್ಟಿದಳು. ಒಂದರಿಂದ ಇನ್ನೊಂದಕ್ಕೆ ಗೇಣು ಹಾಕಿ ಅಳೆದಳು. ಮಗನ ಬೆನ್ನು ಎಷ್ಟು ಅಗಲ ಎಂದು ಅವಳಿಗೆ ಗೊತ್ತಿತ್ತು.

"ನೀರು ಕೇಳಿದ್ನಾ?"

"ಇಲ್ಲ. ಹೋಗು ಅಂದ್ರು."

"ಮಣ್ಣು ಮಾಡ್ದೆಯಾ?"

"ಇಲ್ಲ ಅತ್ತೆ."

ಮಸ್ತೂರಾ ಸೊಸೆಯ ಕೆನ್ನೆಗೆ ಹೊಡೆದಳು. ಹಿಟ್ಟು ಕೆನ್ನೆಗೆ ಅಂಟಿತು. "ಒಂದು ಮಳೆಗಾಲ, ಒಂದು ಬೇಸಿಗೆ ಆ ರಸ್ತೇಲಿ ನಿಂತಿದೀನಿ. ಬಂದವರ ಕಾಲು ಹಿಡಿದು ಕೇಳಿದೀನಿ. ನೀನು ಮನೇಲಿ ಕೂತು ನೋಡ್ತಿದ್ದೆಯಾ?"

"ನೋಡ್ತಿದ್ದೆ."

"ಯಾಕೇ?"

"ಕಾಯ್ತಿರೋಗಂಟ ನೀವು ಉಣ್ತಿದ್ರಿ."

ಮುದುಕಿ ಮತ್ತೊಮ್ಮೆ ಕೈ ಎತ್ತಿದಳು. ಕೈ ಅಲ್ಲೇ ಉಳಿಯಿತು. ನಿಧಾನವಾಗಿ ಇಳಿಸಿದಳು. ಸೆರಗು ತಲೆಗೆ ಎಳೆದುಕೊಂಡಳು. "ಕಲ್ತೂಮಾ, ಒಂದು ಚಾಪೆ ತಾ" ಎಂದಳು.

ಚಾಪೆ ಬಂತು. ರಸ್ತೆಯ ಮೇಲೆ, ಸಾನೂಸಿಯ ಅಂಗಳದ ಎದುರಿಗೇ, ಬಾಗಿಲಿನ ಪಕ್ಕ ಅದನ್ನು ಹಾಸಿ ಮಸ್ತೂರಾ ಕೂತಳು. ಆಗ ಎಲ್ಲರಿಗೂ ಅರ್ಥವಾಯಿತು. ಸಾವಿನ ಮನೆಯ ಚಾಪೆ ಅದು. ಅದರ ಮುಂದೆ ಹಾಯುವವರು ನಿಂತು ಅಂಗೈ ಎತ್ತಿ ಸತ್ತವರಿಗಾಗಿ ಫಾತಿಹಾ ಪ್ರಾರ್ಥನೆ ಓದಬೇಕು. ಓದದೆ ಹೋದವನು ಮನುಷ್ಯನಲ್ಲ. ಮೂರು ದಿನ ಆ ಚಾಪೆಯನ್ನು ಯಾರೂ ಎತ್ತಿಸುವಂತಿಲ್ಲ, ದೊರೆಯೂ.

ಜಿನೇನಾದಲ್ಲಿ ಸತ್ತವರಿಗೆ ಚಾಪೆ ಹಾಸಿರಲಿಲ್ಲ. ಹೆಣಗಳು ಓಣಿಯಲ್ಲಿ ಊದಿ ಬಿದ್ದಿದ್ದವು. ಅಳುವವರು ಓಡುತ್ತಿದ್ದರು. ಅದ್ರೇಗೆ ಬಂದ ಮೇಲೆ ನೀರಿಗೆ ಸಾಲು, ಜೋಳಕ್ಕೆ ಸಾಲು, ಪ್ಲಾಸ್ಟಿಕ್ ಹಾಳೆಗೆ ಸಾಲು. ಸಾವಿಗೆ ಪುರಸೊತ್ತಿರಲಿಲ್ಲ.

ಮೊದಲು ಹೊರೆಯ ಹೆಂಗಸರು ಬಂದರು. ಅಂಗೈ ಎತ್ತಿದರು, ಓದಿದರು, ಚಾಪೆಯ ಅಂಚಿಗೆ ಕೂತರು. ಆಮೇಲೆ ಈರುಳ್ಳಿ ಮಾರುವವರು. ಕತ್ತೆಗಾಡಿಯವರು. ಚಹಾದವಳು ಒಂದು ತಟ್ಟೆ ಲೋಟ ತಂದಿಟ್ಟಳು, ದುಡ್ಡು ಕೇಳಲಿಲ್ಲ. ಅರ್ಬಾಬ್‌ಗೆಂದು ಓದಿದ ಒಬ್ಬ ಹೆಂಗಸು ಅಂಗೈ ಇಳಿಸದೆ, "ನಮ್ಮ ಯಾಹ್ಯಾಗೂ" ಎಂದಳು. ಪಕ್ಕದವಳು, "ನಮ್ಮ ಇಬ್ರು ಹುಡುಗರಿಗೂ" ಎಂದಳು. ಕಲ್ತೂಮಾ, "ನಮ್ಮತ್ತೆಗೂ. ಬಾಯಿ ಜೋರು, ಆದರೂ" ಎಂದಳು. ಅಳು ಎದ್ದಿತು. ಒಬ್ಬಳಿಂದ ಇನ್ನೊಬ್ಬಳಿಗೆ ಹತ್ತಿಕೊಂಡಿತು. ಗಿಸ್ಮಾ ಅವರ ನಡುವೆ ಒಣ ಕಣ್ಣಿನಲ್ಲಿ ಕೂತಿದ್ದಳು. ಕೆನ್ನೆಯ ಮೇಲೆ ಹಿಟ್ಟು ಒಣಗಿ ಬಿಗಿಯುತ್ತಿತ್ತು. ಅದು ಅವಳಿಗೆ ತಿಳಿಯುತ್ತಿತ್ತು.

ಸಂಜೆಯ ನಮಾಜಿಗೆ ಬಾಂಗ್ ಕೂಗಿದರು. ಮಸೀದಿಗೆ ಇದ್ದದ್ದು ಅದೇ ರಸ್ತೆ. ಸಾನೂಸಿ ಅಂಗಳದಿಂದ ಹೊರಬಂದ. ಚಾಪೆ ನೋಡಿದ. ಸಂತೆ ಅವನನ್ನು ನೋಡುತ್ತಿತ್ತು. ಅವನು ನಿಂತ. ಅಂಗೈ ಎತ್ತಿದ. ತುಟಿಗಳು ಅಲುಗಿದವು. ಮುಖ ಸವರಿಕೊಂಡು ಹೊರಡುವಾಗ ಮಸ್ತೂರಾ ಕೇಳಿದಳು.

"ಯಾರಿಗೆ ಓದಿದ್ರಿ ಹಾಜಿ?"

"ನಿಮ್ಮ ಮಗನಿಗೆ, ಅವ್ವಾ."

"ಹೆಂಗೆ ಸತ್ತ?"

ಸಾನೂಸಿ ಕಾಲ ಬಳಿ ಬಿದ್ದಿದ್ದ ಬಾಗಿಲನ್ನು ನೋಡಿದ. "ಗುಂಡಿಗೆ."

"ಎಲ್ಲಿ?"

"ಅವನ ಮನೇಲಿ."

"ಹಂಗಾದ್ರೆ ಈ ಬಾಗಿಲು ಯಾರದು?"

ಸಾನೂಸಿ ಜಪಮಣಿಯನ್ನು ಮುಷ್ಟಿಯಲ್ಲಿ ಮುಚ್ಚಿದ. "ಅವನದು" ಎಂದ. ಮಸೀದಿಯ ಕಡೆ ಬೇಗ ಬೇಗ ನಡೆದ.

ಅದರಿಂದ ಏನೂ ಆಗಲಿಲ್ಲ. ಮರುದಿನ ಬೆಳಗ್ಗೆ ಚಾಪೆಯ ಪಕ್ಕದಲ್ಲೇ ಲಾರಿ ಬಂತು. ಮಂಚಗಳು ಇಳಿದವು. ಗಂಡಾಳುಗಳು ಇಳಿಸಿದರು, ಹೆಂಗಸರು ಚಾಪೆ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಮಸ್ತೂರಾ ಚಾಪೆ ಮಡಚಿದಳು. ಹೆಂಗಸರು ಸಿಂಬೆ ಸುತ್ತಿಕೊಂಡು ಬಾಗಿಲು ಹೊತ್ತರು. ಆ ಹೊರೆಗೆ ಕೂಲಿ ಇರಲಿಲ್ಲ. ಬಯಲಿನಲ್ಲಿ ಗಿಸ್ಮಾಳ ಗುಡಿಸಲಿನ ಮುಂದೆ ಎರಡು ಮರದ ಕಂಬ ನೆಟ್ಟು ಅದನ್ನು ನಿಲ್ಲಿಸಿದರು. ಬಾಗಿಲಿನ ಎಡಕ್ಕೆ ಗೋಡೆಯಿಲ್ಲ, ಬಲಕ್ಕೆ ಗೋಡೆಯಿಲ್ಲ. ಹಿಂದೆ ಹುಲ್ಲಿನ ಗೂಡು. ನೋಡಿದವರು ನಕ್ಕರು. ಮಸ್ತೂರಾ ಗಡಿಯ ರಸ್ತೆಗೆ ಹೋಗುವುದನ್ನು ಬಿಟ್ಟಳು. ಸೊಸೆಯ ಜೊತೆ ಹದಿನೈದು ದಿನ ಮಾತು ಬಿಟ್ಟಳು. ಆಮೇಲೆ ಒಂದು ದಿನ, ಉಪ್ಪು ಜಾಸ್ತಿಯಾಗಿದೆ ಎಂದು ಬೈದಳು. ಗಿಸ್ಮಾ ತಿಂದು ನೋಡಿದಳು. ಹೌದು, ಜಾಸ್ತಿಯಾಗಿತ್ತು.

ಗಿಸ್ಮಾ ಹಳ್ಳದ ಬಳಿ ಮಣ್ಣಿನ ಇಟ್ಟಿಗೆ ಕೊಯ್ಯುವ ಕೆಲಸಕ್ಕೆ ಸೇರಿದಳು. ಮೊಣಕಾಲುದ್ದ ಕೆಸರು, ಸೊಂಟ ಮುರಿಯುವಷ್ಟು ಬಗ್ಗಬೇಕು. ಕೂಲಿ ಮೊದಲಿನ ಅರ್ಧ. ಅತ್ತ ಸಾನೂಸಿಯ ಅಂಗಳದಲ್ಲಿ ಹೆಂಗಸರು, "ಜೋಳ ಇಳಿಸ್ತೀವಿ, ಸಕ್ಕರೆ ಇಳಿಸ್ತೀವಿ. ಮನೆ ಇಳಿಸಲ್ಲ" ಎಂದರು. ಎಲ್ಲರೂ ಆ ಮಾತಿಗೆ ನಿಲ್ಲಲಿಲ್ಲ. ಒಂದು ಸಂಜೆ ಕಲ್ತೂಮಾ ಬಂದು, ಮುಖ ಕೊಡದೆ, "ಇವತ್ತು ಮಂಚ ಇಳಿಸ್ದೆ ಕಣೆ" ಎಂದಳು.

"ಮಕ್ಕಳು ಉಂಡ್ವಾ?"

"ಉಂಡವು."

"ಸರಿ ಬಿಡು" ಎಂದಳು ಗಿಸ್ಮಾ.

ಆದರೆ ಹೆಚ್ಚಿನವರು ಮಾತಿಗೆ ನಿಂತರು. ಲಾರಿಗಳು ಸಾಲುಗಟ್ಟಿದವು. ಗಂಡಾಳುಗಳು ಎರಡರಷ್ಟು ಕೂಲಿ ಕೇಳಿದರು. ಹೆಂಗಸರು ತಿರುಗಿ ಬರಬೇಕಾದರೆ ಮೊದಲು ಗಿಸ್ಮಾ ಬರಬೇಕು ಎಂದು ಸಾನೂಸಿಗೆ ಯಾರೋ ಹೇಳಿದರು.

ಒಂದು ಮಧ್ಯಾಹ್ನ ಬರ್ಕಾ ಅವಳನ್ನು ಕರೆಯಲು ಬಯಲಿಗೆ ಬಂದ. ಗಿಸ್ಮಾ ಗುಡಿಸಲಿನ ಮುಂದೆ ಕ್ಯಾನಿನ ನೀರಿನಲ್ಲಿ ಕಾಲಿನ ಕೆಸರು ತೊಳೆದುಕೊಳ್ಳುತ್ತಿದ್ದಳು. ಮಸ್ತೂರಾ ಮೊಮ್ಮಗಳ ತಲೆ ಬಾಚುತ್ತಿದ್ದಳು. ಬಾಗಿಲಿನ ಪಕ್ಕದಿಂದ ಎಲ್ಲವೂ ಬಟಾಬಯಲಾಗಿ ಕಾಣುತ್ತಿತ್ತು. ಬರ್ಕಾ ಪಕ್ಕದಿಂದಲೇ ಕಾಲಿಟ್ಟ.

"ಅಲ್ಲೇ ನಿಲ್ಲಪ್ಪಾ" ಎಂದಳು ಮಸ್ತೂರಾ, ಬಾಚಣಿಗೆ ನಿಲ್ಲಿಸದೆ. "ಬಾಗಿಲು ಆ ಕಡೆ ಐತೆ."

"ಗೋಡೇನೇ ಇಲ್ವಲ್ಲಜ್ಜಿ! ಬಾಗಿಲು ಯಾತಕ್ಕೆ?"

"ಕೇಳಿ ಒಳಗೆ ಬರ್ಲಿ ಅಂತ."

ಬರ್ಕಾ ನಕ್ಕ. ಯಾರೂ ನಗಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎಲ್ಲ ಕಡೆ ಬಯಲು. ಕೊನೆಗೆ ಸುತ್ತು ಹಾಕಿ ಬಾಗಿಲಿನ ಮುಂದೆ ಹೋಗಿ ನಿಂತು ತಟ್ಟಿದ.

ಗಿಸ್ಮಾ ಇನ್ನೊಂದು ಕಾಲು ತೊಳೆದುಕೊಳ್ಳತೊಡಗಿದಳು.

ಅವನು ಮತ್ತೆ ತಟ್ಟಿದ.